ಮೂಗು ಸವೆದ ಬಸವಣ್ಣ

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ. ರಟ್ಟೀಹಳ್ಳಿಯ ಹಳೇ ಮನೆಯೊಂದರ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೀರಿ. ರಾತ್ರಿಯ ಜಿಟಿಜಿಟಿ ಮಳೆಗೆ ಕಲ್ಲುಹಾಸು ಇನ್ನೂ ಜಾರುತ್ತಿದೆ. ಜಗಲಿಯ ದೇವರೆಲ್ಲ ಇಳಿದು ಪರಾತದಲ್ಲಿ ಮಲಗಿದ್ದಾರೆ. ಎಲ್ಲರಿಗಿಂತ ಸಣ್ಣವನನ್ನು, ಹಿತ್ತಾಳೆಯ ಬಸವಣ್ಣನನ್ನು, ಆಯಿ ನಿಮ್ಮ ಅಂಗೈಗೆ ಹಾಕುತ್ತಾಳೆ. ಹೆಬ್ಬೆರಳಿನಷ್ಟು ಉದ್ದ. ಆದರೂ ಕೈ ಜಗ್ಗುತ್ತದೆ. ಒಳಗೆ ಪೊಳ್ಳಿಲ್ಲ, ತುಂಬು ಎರಕ.

ಹುಣಸೆಹಣ್ಣು ತಾಗಿದ್ದೇ ತಡ, ಕಿಲುಬು ಹಸಿರಾಗಿ ಕರಗಿ ಬೆರಳ ಸಂದಿಯಲ್ಲಿ ಇಳಿಯುತ್ತದೆ. ಇಣಿ ಹೊಳೆಯಿತು. ಕೊರಳ ಗಂಟೆಸರ ಕಂಡಿತು.

"ತಮ್ಮಾ, ಮಾರಿ ಮ್ಯಾಲ ಸಾವಕಾಶ ತಿಕ್ಕಪಾ. ಮೊದ್ಲ ಮೂಗು ಸವದೈತಿ."

ಸವೆದಿದೆ, ನಿಜ. ಕಣ್ಣೂ ಬರೀ ಗುಳಿ. ಆದರೆ ಹೊಟ್ಟೆಯಡಿ, ಯಾರ ಬೆರಳೂ ಹೋಗದ ಕಡೆ, ಉಗುರಾಡಿಸಿ: ಮೇಣದ ಎಳೆ ಒತ್ತಿ ಅಂಟಿಸಿದ ಗುರುತು ಹಾಗೇ ಇದೆ. ಮೊದಲು ಮೇಣದ ಬಸವ, ಅವನ ಮೈಗೆ ಮಣ್ಣಿನ ಲೇಪ. ಬೆಂಕಿಗಿಟ್ಟಾಗ ಮೇಣ ಹರಿದುಹೋಗುತ್ತದೆ, ಆ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆಯದೆ ಬಸವ ಹೊರಗೆ ಬರಲಾರ. ಆದ್ದರಿಂದ ಇವನಿಗೆ ಅಣ್ಣತಮ್ಮಂದಿರಿಲ್ಲ.

ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಪೀಟರ್ ಫಿಶರ್ ಮತ್ತವನ ಮಕ್ಕಳದೂ ಇದೇ ಕಸುಬು. 1519ರಲ್ಲಿ ಅವರು ಮುಗಿಸಿದ ಸಂತ ಸೆಬಾಲ್ಡಸನ ಹಿತ್ತಾಳೆ ಗೋರಿಮಂಟಪದ ಬುಡಕ್ಕೆ ಬಗ್ಗಿ ನೋಡಿದರೆ, ಭಾರ ಹೊತ್ತು ನಿಂತಿರುವವು 12 ಬಸವನಹುಳುಗಳು! ನಮ್ಮ ಹೆಸರು ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಭಾರ ಹೊರುವ ಕೆಲಸ ಬಸವನಿಗೇ ಬಿತ್ತು. ಆ ಕಾಲದ ಇಂಥ ಪುಟ್ಟ ಲೋಹಪ್ರಾಣಿಗಳು ಅಲ್ಲಿನ ಸಿರಿವಂತರ ಸಂಗ್ರಹ ಸೇರಿ, ಈಗ ಮ್ಯೂಸಿಯಮ್ಮಿನ ಗಾಜಿನೊಳಗಿವೆ. ಮೂಗು ಸವೆಸಿಕೊಳ್ಳುವ ಭಾಗ್ಯ ಅವಕ್ಕಿಲ್ಲ.

ಕದಂಬೇಶ್ವರನ ಗುಡಿಯ ಕಡೆಯಿಂದ ಗಂಟೆ. ಒಳಗೆ ಮಗುವೊಂದು ಎರೆಮಣ್ಣಿನ ಜೋಡೆತ್ತಿಗೆ ಜೋಳದ ಕಾಳಿನ ಕಣ್ಣು ಒತ್ತುತ್ತಿದೆ. ಮುಂದೆ ಮಣ್ಣಿನದೇ ಗ್ವಾದಲಿ. ಒಂದು ಕೋಡು ಆಗಲೇ ಬಾಗಿದೆ. ನೀವು ಬಸವಣ್ಣನನ್ನು ಒರೆಸಿ ಆ ಜೋಡಿಯ ಪಕ್ಕ ಇಡುತ್ತೀರಿ. ಆಯಿ ಮೂವರಿಗೂ ಒಂದೇ ಅಳತೆಯ ವಿಭೂತಿ ಎಳೆಯುತ್ತಾಳೆ.

ಪೂಜೆ ಮುಗಿದ ಮೇಲೆ ಮಣ್ಣೆತ್ತು ಕುಮುದ್ವತಿ ಹೊಳೆಯ ಪಾಲು. ಹಿತ್ತಾಳೆಯವನು ಮುಂದಿನ ಹಬ್ಬಕ್ಕೆ ಮತ್ತೆ ಪರಾತಕ್ಕೆ.