ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ತಾಸು

ಕಳೆದ ಜನವರಿಯಲ್ಲಿ ರಜೆ ಪಡೆದು ಅಮೆರಿಕೆಯ ಮಿನೆಸೋಟ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿಬಂದೆ. ಮರಳಿದ ಮೇಲೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ‘ಅಲ್ಲಿ ಏನು ನೋಡಿದಿರಿ ಸರ್?’ ಎಂದು ಕೇಳಿದರು. ‘ಕೆರೆಯ ಮೇಲೆ ಕುಳಿತು ಮೊಮ್ಮಗ ಮೀನು ಹಿಡಿಯುವುದನ್ನು ನೋಡಿದೆ’ ಎಂದೆ. ಅವರು ಅದನ್ನು ‘ಕೆರೆಯ ದಂಡೆಯ ಮೇಲೆ’ ಎಂದು ತಿದ್ದಿಕೊಂಡೇ ಕೇಳಿಸಿಕೊಂಡರು. ದಂಡೆಯ ಮೇಲಲ್ಲ, ಕೆರೆಯ ಮೇಲೆಯೇ, ನೀರಿನ ನಡುವೆ, ಒಂದು ತಾಸು. ಆ ಒಂದು ತಾಸಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಮಿನೆಸೋಟ ಅಮೆರಿಕೆಯ ಉತ್ತರದ ಅಂಚಿನಲ್ಲಿ, ಕೆನಡಾಕ್ಕೆ ತಾಗಿಕೊಂಡಿರುವ ರಾಜ್ಯ. ಸಾವಿರಾರು ಕೆರೆಗಳ ನಾಡು. ರಾಜ್ಯದ ಹೆಸರೇ ಅಲ್ಲಿಯ ಮೂಲನಿವಾಸಿಗಳಾದ ಡಕೋಟ ಜನರ ಭಾಷೆಯಿಂದ ಬಂದದ್ದು. ಆ ಹೆಸರಿನ ಮೊದಲ ಭಾಗಕ್ಕೆ ‘ನೀರು’ ಎಂದರ್ಥ. ನಾವು ಹೋದ ಮಿನೆಟೊಂಕಾ ಸರೋವರದ ಹೆಸರಿಗೂ ಅದೇ ಭಾಷೆಯಲ್ಲಿ ‘ದೊಡ್ಡ ನೀರು’ ಎಂಬರ್ಥವಿದೆ. ಇಂದು ಆ ದಂಡೆಯಲ್ಲಿ ಡಕೋಟ ಭಾಷೆಯನ್ನಾಡುವ ದನಿ ನನ್ನ ಕಿವಿಗೆ ಬೀಳಲಿಲ್ಲ. ಆಡುವವರು ವಿರಳವಾದ ಮೇಲೂ ಭಾಷೆ ಊರಿನ ಹೆಸರಿನಲ್ಲಿ ಉಳಿದುಕೊಳ್ಳುತ್ತದೆ ಎಂಬುದು ಗಡಿನಾಡಿನವರಾದ ನಮಗೆ ಹೊಸ ವಿಷಯವಲ್ಲ. ಆದರೆ ಅಲ್ಲಿ ಆ ಹೆಸರು ಓದಿದಾಗಲೆಲ್ಲ ನನಗೆ ನನ್ನ ಮೊಮ್ಮಗನ ನೆನಪಾಗುತ್ತಿತ್ತು.

ಮೊಮ್ಮಗನಿಗೆ ಐದು ವರ್ಷ. ಕನ್ನಡ ತಿಳಿಯುತ್ತದೆ, ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ನಾನು ಮೂವತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತ ಬಂದವನು. ನನ್ನ ಮೊಮ್ಮಗನಿಗೇ ಕನ್ನಡ ಬಾರದೆಂದರೆ ಹೇಗೆ ಎಂಬ ಹಟ ಹಿಡಿದೆ. ಇಲ್ಲಿಂದಲೇ ವರ್ಣಮಾಲೆಯ ತಖ್ತೆಯನ್ನೂ ಎರಡು ಅಂಕಲಿಪಿಗಳನ್ನೂ ಒಯ್ದಿದ್ದೆ. ಹೋದ ಮೂರನೆಯ ದಿನದಿಂದ ಊಟದ ಮೇಜಿನ ಮೇಲೆ ನಿತ್ಯವೂ ಮುಕ್ಕಾಲು ತಾಸು ಪಾಠ. ಮೊದಲ ವಾರ ಹುಡುಗ ಕುಳಿತ. ಎರಡನೆಯ ವಾರ ನನ್ನ ಕನ್ನಡಕದ ಡಬ್ಬಿಯ ಸದ್ದು ಕೇಳಿದರೆ ಸೋಫಾದ ಹಿಂದೆ ಅಡಗತೊಡಗಿದ. ಒಂದು ದಿನ ‘ಳ’ ಅಕ್ಷರವನ್ನು ಹತ್ತು ಸಲ ಹೇಳಿಸಿದೆ. ಹತ್ತೂ ಸಲ ‘ಲ’ ಎಂದ. ಹನ್ನೊಂದನೆಯ ಸಲಕ್ಕೆ ಅತ್ತುಬಿಟ್ಟ. ಮಗಳು ಏನೂ ಅನ್ನಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅವನು ನನ್ನ ಪಕ್ಕದಲ್ಲಿ ಉಣ್ಣಲು ಕೂಡ್ರುವುದನ್ನೂ ಬಿಟ್ಟ.

ಅದೇ ವಾರ ಅವನು ಶಾಲೆಯಿಂದ ಬಾಡಿದ ಮುಖದಲ್ಲಿ ಬಂದ. ಸೋಮವಾರ ತರಗತಿಯಲ್ಲಿ ಮಕ್ಕಳು ತಮ್ಮ ತಮ್ಮ ರಜೆಯ ದಿನಗಳ ಸುದ್ದಿ ಹೇಳಬೇಕಂತೆ. ಚಳಿಗಾಲದಲ್ಲಿ ಅಲ್ಲಿಯ ಕುಟುಂಬಗಳಿಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವುದು ಒಂದು ಹಬ್ಬ. ನಾಲ್ಕಾರು ಮಕ್ಕಳು ಅದನ್ನೇ ಹೇಳಿದ್ದಾರೆ. ಇವನಿಗೆ ಹೇಳಲು ಏನೂ ಇರಲಿಲ್ಲ.

ಆ ಮಾತು ನನಗೆ ನಾಟಿತು. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ನಾನು ಮರಾಠಿ ಹೈಸ್ಕೂಲಿಗೆ ಸೇರಿದ್ದೆ. ಮೊದಲ ವರ್ಷವಿಡೀ ತರಗತಿಯಲ್ಲಿ ನಾನು ಬಾಯಿ ತೆರೆಯಲಿಲ್ಲ. ಭಾಷೆ ಬಾರದೆಂದಲ್ಲ, ಓಣಿಯಲ್ಲಿ ಆಡಿ ಬಲ್ಲವನೇ. ಅವರು ಮಾತನಾಡುವ ಸಂಗತಿಗಳಲ್ಲಿ ನನ್ನ ಪಾಲಿನದೇನೂ ಇರಲಿಲ್ಲ, ಅಷ್ಟೇ.

ಅಳಿಯನಿಗೆ ಕಚೇರಿಯ ಗೆಳೆಯರೊಂದಿಗೆ ಹೋಗಿ ಈ ಆಟದ ಪರಿಚಯವಿತ್ತು. ಮುಂದಿನ ಶನಿವಾರ ಹೋಗುವುದೆಂದಾಯಿತು. ನನ್ನ ಆಕ್ಷೇಪಗಳು ಎರಡು. ನಾವು ಮೀನು ತಿನ್ನುವವರಲ್ಲ; ತಿನ್ನದವರು ಏಕೆ ಹಿಡಿಯಬೇಕು? ಎರಡನೆಯದು, ಐದು ವರ್ಷದ ಕೂಸನ್ನು ನೀರಿನ ಮೇಲೆ ನಡೆಸುವುದೆಂದರೇನು? ಮೊದಲನೆಯದಕ್ಕೆ ಮಗಳು, ‘ಹಿಡಿದು ಬಿಟ್ಟುಬಿಡೂಣು ಅಪ್ಪಾ’ ಎಂದಳು. ಎರಡನೆಯದಕ್ಕೆ ಅಳಿಯ ಲೆಕ್ಕವನ್ನೇ ಮುಂದಿಟ್ಟ. ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆಯಂತೆ, ಮನುಷ್ಯ ನಡೆಯಬೇಕಾದರೆ ಹೊಸದಾದ ತಿಳಿ ಮಂಜುಗಡ್ಡೆ ಕನಿಷ್ಠ 4 ಇಂಚು ದಪ್ಪವಿರಬೇಕು. ಬೆಳ್ಳಗೆ ಕಾಣುವ ಗಡ್ಡೆಗೆ ಅಷ್ಟು ಬಲವಿಲ್ಲ. ಅದಕ್ಕೆ ಇಮ್ಮಡಿ ದಪ್ಪ ಬೇಕು. ಇಷ್ಟೆಲ್ಲ ಹೇಳಿದ ಮೇಲೂ ಆ ಇಲಾಖೆ, ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ ಎಂದೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯ ಮಾತಿನಿಂದಲೇ ನನಗೆ ಅವರ ಲೆಕ್ಕದ ಮೇಲೆ ವಿಶ್ವಾಸ ಬಂತು.

ಅಂದು ಬೆಳಿಗ್ಗೆ ಉಷ್ಣತೆ ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಮಗುವಿಗೆ ಉಡುಪು ತೊಡಿಸುವುದಕ್ಕೇ ಅರ್ಧ ತಾಸು ಹಿಡಿಯಿತು. ಮೈಗಂಟಿದ ತೆಳು ಬಟ್ಟೆ, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ದಪ್ಪ ಕೋಟು, ಎಲ್ಲಕ್ಕೂ ಮೇಲೆ ನೀರಿನಲ್ಲಿ ತೇಲಿಸುವ ಜಾಕೀಟು. ಬೆರಳುಗಳು ಬೇರೆ ಬೇರೆಯಾದ ಕೈಚೀಲಕ್ಕಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲವೇ ಬೆಚ್ಚಗಂತೆ. ಅಂಥ ಎರಡು ಜೊತೆ. ಅಳಿಯ ತನ್ನ ಕೊರಳಿಗೂ ನನ್ನ ಕೊರಳಿಗೂ ಹಿಡಿಕೆಯುಳ್ಳ ಎರಡೆರಡು ಮೊಳೆಗಳನ್ನು ದಾರದಿಂದ ತೂಗುಬಿಟ್ಟ. ಗಡ್ಡೆ ಒಡೆದು ನೀರಿಗೆ ಬಿದ್ದರೆ ಅವನ್ನು ಅಂಚಿಗೆ ಚುಚ್ಚಿ ಮೇಲೇರಬೇಕು. ಇವೆಲ್ಲವನ್ನು ಕಂಡು ನನ್ನ ಪತ್ನಿ ಮನೆಯಲ್ಲಿಯೇ ಉಳಿದಳು.

ಕೆರೆ ನೋಡಿದೊಡನೆ ಬಯಲೆಂದೇ ಅನಿಸಿತು. 14 ಸಾವಿರ ಎಕರೆಗೂ ಮಿಕ್ಕ ಸರೋವರ. ನಾವು ಆರಿಸಿಕೊಂಡದ್ದು ಅದರ ಆಳವಿಲ್ಲದ ಒಂದು ಮೂಲೆ. ದೂರದಲ್ಲಿ ಕಾರುಗಳೂ ನಿಂತಿದ್ದವು. ಆದರೆ ಅಳಿಯ ಬೇರೆಯವರ ಕಾರು ನೋಡಿ ನಂಬುವವನಲ್ಲ. ಕಬ್ಬಿಣದ ಉದ್ದ ಸನಿಕೆಯಿಂದ ಮುಂದೆ ಕುಟ್ಟಿ ನೋಡುತ್ತ, ಅಲ್ಲಲ್ಲಿ ಕೊರೆದು ಅಳೆಯುತ್ತ ನಡೆದ. ಕೊನೆಗೆ ನಾವು ನಿಂತಲ್ಲಿ 14 ಇಂಚು ಬಂತು. ಗಾಳಿಗೆ ಮರೆಯಾಗಿ ಪುಟ್ಟ ಡೇರೆ ಕಟ್ಟಿ, ಒಳಗೆ ಸಣ್ಣ ಗ್ಯಾಸಿನ ಒಲೆ ಹಚ್ಚಿದ. ವಿಷಗಾಳಿ ತುಂಬದಿರಲೆಂದು ಕಿಟಕಿ ತೆರೆದೇ ಇಟ್ಟ.

ಅಲ್ಲಿ ಮೀನು ಹಿಡಿಯಲು ಪರವಾನಿಗೆ ಬೇಕು. ಅಳಿಯನ ಬಳಿ ಇತ್ತು. ನನ್ನ ಬಳಿ ಇರಲಿಲ್ಲ. 16 ವರ್ಷದೊಳಗಿನ ಅಲ್ಲಿಯ ಮಕ್ಕಳಿಗೆ ಅದು ಬೇಕಿಲ್ಲ. ಹೀಗಾಗಿ ಆ ಕೆರೆಯ ಮೇಲೆ ಐದು ವರ್ಷದ ಹುಡುಗನಿಗಿದ್ದ ಅಧಿಕಾರ ಅವನ ಮುತ್ಯಾನಿಗೆ ಇರಲಿಲ್ಲ. ಮೊಮ್ಮಗನಿಗೆ ಇದು ಬಹಳ ಸಂತೋಷ ಕೊಟ್ಟಿತು. ಗಾಳದ ಕೋಲು ಮುಟ್ಟಬಾರದೆಂದು ನನಗೆ ಎರಡು ಸಲ ತಾಕೀತು ಮಾಡಿದ. ವಾರದ ನಂತರ ಅವನು ನನ್ನೊಡನೆ ತಾನಾಗಿ ಆಡಿದ ಮೊದಲ ಮಾತು ಅದು.

ಅಳಿಯ ತೂತು ಕೊರೆಯತೊಡಗಿದ. ‘ಇದಕ್ಕೆ ಬೈರಿಗೆ ಅಂತಾರ’ ಎಂದೆ, ಯಾರಿಗೂ ಅಲ್ಲದಂತೆ. ಕೊರೆದ ತೂತಿನಲ್ಲಿ ಮಂಜಿನ ಚೂರುಗಳು ತೇಲುತ್ತಿದ್ದವು. ಅವನ್ನು ತೆಗೆಯಲು ಕಿಂಡಿಗಳುಳ್ಳ ಒಂದು ಉದ್ದ ಸೌಟು. ಅದನ್ನು ಕಂಡು ಮಗಳು ನಕ್ಕಳು: ‘ಅಪ್ಪಾ, ಇದು ನಮ್ಮ ಭಜಿ ಕರಿಯೂ ಝಾರಾನೇ ಅಲ್ಲೇನು?’ ಆ ಕೆಲಸವನ್ನು ಮಗುವಿಗೆ ವಹಿಸಿದರು. ಮೀನು ಬೀಳಲಿ ಬಿಡಲಿ, ಮಕ್ಕಳ ಕೈಗೆ ಒಂದು ಕೆಲಸ ಇರಬೇಕೆಂದು ಅಳಿಯನ ಅಭಿಪ್ರಾಯ. ಹುಡುಗ ತಲೆ ಬಗ್ಗಿಸಿ ಚೂರುಗಳನ್ನು ಎತ್ತಿ ಎತ್ತಿ ಹಾಕಿದ. ಐದು ನಿಮಿಷಕ್ಕೊಮ್ಮೆ ನೀರು ಮತ್ತೆ ಕೆನೆಗಟ್ಟುತ್ತಿತ್ತು. ಆಗ ಅವನು ಕೈ ಚಾಚಿ, ‘ಮುತ್ಯಾ, ಝಾರಾ!’ ಎಂದ.

ಈಗ ತಪ್ಪೊಪ್ಪಿಗೆ. ನನ್ನ ನಾಲಿಗೆಯ ತುದಿಗೆ ಮೊದಲು ಬಂದದ್ದು ಮೆಚ್ಚುಗೆಯಲ್ಲ. ‘ಝಾರಾ ಮರಾಠಿ ಶಬ್ದ, ಜಾಲರಿ ಸೌಟು ಅನ್ನು’ ಎಂಬ ತಿದ್ದುಪಡಿ. ನಿಮ್ಮ ಉತ್ತರಪತ್ರಿಕೆಗಳಲ್ಲಿ ಮರಾಠಿ ಶಬ್ದ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದ ಕೈ ನನ್ನದು. ಆದರೆ ನನ್ನ ತಾಯಿ ಸಾಯುವ ತನಕ ಆ ಸಾಧನಕ್ಕೆ ಝಾರಾ ಎಂದೇ ಅಂದಳು. ನಾನು ಸುಮ್ಮನೆ ಅದನ್ನು ಅವನ ಕೈಗೆ ಕೊಟ್ಟೆ.

ಅಕ್ಕಿಕಾಳಿನಂಥ ಬಿಳಿಯ ಹುಳುವನ್ನು ಸಿಕ್ಕಿಸಿ ಅಳಿಯ ದಾರ ಇಳಿಬಿಟ್ಟ. ಆ ಕೊಕ್ಕೆಗೆ ನಾವು ಏನನ್ನುತ್ತೇವೆಂದು ಹುಡುಗ ಕೇಳಿದ. ‘ಗಾಳ’ ಎಂದೆ. ‘ಗಾಲ’ ಎಂದ. ಮರಾಠಿಯಲ್ಲಿಯೂ ಅದಕ್ಕೆ ‘ಗಳ’ ಎನ್ನುವುದು ನೆನಪಾಯಿತು. ಎರಡರಲ್ಲಿಯೂ ಅದೇ ‘ಳ’. ನಾನು ತಿದ್ದಲಿಲ್ಲ. ಕೆಳಗೆ ಮೀನಿಗೆ ಚಳಿಯಾಗುವುದಿಲ್ಲವೇ ಎಂದು ಮುಂದೆ ಕೇಳಿದ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲಕ್ಕಿಂತ ಭಾರವಾಗಿ ತಳಕ್ಕಿಳಿಯುತ್ತದೆ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲುಳಿದು ಗಡ್ಡೆಯಾಗುತ್ತದೆ. ಆ ಗಡ್ಡೆಯೇ ಮೀನಿಗೆ ಕೌದಿ ಎಂದು ಹೇಳಿದೆ. ‘ಕೌದಿ’ ಅವನಿಗೆ ಗೊತ್ತಿತ್ತು. ಅವನ ಅಜ್ಜಿ ಹೊಲಿದು ಕೊಟ್ಟ ಕೌದಿಯಲ್ಲಿಯೇ ಅವನು ಮಲಗುವುದು.

ಅಷ್ಟರಲ್ಲಿ ಕಾಲ ಕೆಳಗೆ, ಎಲ್ಲಿಯೋ ಆಳದಲ್ಲಿ ಗುಡುಗಿದಂತೆ ಸದ್ದಾಯಿತು. ಕೆರೆಯ ಈ ಬದಿಯಿಂದ ಆ ಬದಿಗೆ ಓಡಿಹೋದ ಸದ್ದು. ನಾನು ಎದ್ದು ನಿಂತೆ. ಉಷ್ಣತೆ ಏರಿಳಿದಾಗ ಗಡ್ಡೆ ಹಿಗ್ಗಿ ಕುಗ್ಗಿ ಬಿರಿಯುವ ಸದ್ದದು, ಅದೊಂದರಿಂದಲೇ ಅಪಾಯವೆಂದಲ್ಲ ಎಂದು ಅಳಿಯ ಹೇಳುವಷ್ಟರಲ್ಲಿ ಮೊಮ್ಮಗ ತನ್ನ ದಪ್ಪ ಕೈಚೀಲದಿಂದ ನನ್ನ ಬೆರಳು ಹಿಡಿದಿದ್ದ. ಅಂಜಿದ್ದು ಅವನಲ್ಲ, ನಾನು. ಅವನಿಗೆ ಅದು ತಿಳಿದಿತ್ತು.

ಮುಕ್ಕಾಲು ತಾಸಾದ ಮೇಲೆ ತೇಲುಗುಂಡು ಮುಳುಗಿತು. ಅಂಗೈಯಗಲದ ಬ್ಲೂಗಿಲ್ ಮೀನು. ಕಿವಿರಿನ ಅಂಚು ಕರಿನೀಲಿ, ಎದೆ ಕಿತ್ತಳೆ. ಆ ಚಳಿಗಾಳಿಯಲ್ಲಿ ಹೆಚ್ಚು ಹೊತ್ತು ಹಿಡಿದರೆ ಅದರ ಕಣ್ಣು, ಕಿವಿರುಗಳೇ ಹೆಪ್ಪುಗಟ್ಟುತ್ತವೆ. ಅಳಿಯ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ಕೂಡಲೇ ತೂತಿಗೆ ಬಿಟ್ಟ. ಮೀನು ಕ್ಷಣ ನಿಂತು ಕತ್ತಲೆಗೆ ಇಳಿಯಿತು. ಹುಳುವಿನ ಪ್ರಾಣ, ಮೀನಿನ ನೋವು ಎಂಬ ನನ್ನ ಆಕ್ಷೇಪ ಅಲ್ಲಿಯೂ ಕರಗಲಿಲ್ಲ, ಇಂದಿಗೂ ಕರಗಿಲ್ಲ. ಆದರೆ ಹುಡುಗ ಬಗ್ಗಿ, ‘ಮನೀಗೆ ಹೋಗು’ ಎಂದದ್ದನ್ನು ನಾನು ಕೇಳಿದೆ.

ಆಗಿನಿಂದ ಮೀನುಗಳು ಮೇಲಿಂದ ಮೇಲೆ ಕಚ್ಚತೊಡಗಿದವು. ಅದೇ ಹೊತ್ತಿಗೆ ಅಳಿಯ ದಾರ ಸುತ್ತಿದ. ‘ಮಾವಾರ, ಕೂಸಿಗೆ ಥಂಡಿ ಹತ್ತಾಕತ್ತದ, ಹೋಗೂಣ್ರಿ’ ಎಂದ. ಹುಡುಗನ ಮೂಗು ಕೆಂಪಾಗಿತ್ತು, ಬೆರಳು ತಣ್ಣಗಾಗಿದ್ದವು, ಅಳು ಇನ್ನೂ ಬಂದಿರಲಿಲ್ಲ. ಇಷ್ಟು ದೂರ ಬಂದು, ಇಷ್ಟು ಸಾಮಾನು ಹೊತ್ತು, ಒಂದೇ ತಾಸಿಗೆ ಮರಳುವುದೇ ಎಂದು ನನಗನಿಸಿತು, ಅಂದೂಬಿಟ್ಟೆ. ಅದಕ್ಕೆ ಅಳಿಯ, ‘ಅಳೂ ತನಕಾ ಕುಂಡ್ರಿಸಿದ್ರ ಮುಂದ ಬರಂಗಿಲ್ರಿ’ ಎಂದು ಡೇರೆ ಬಿಚ್ಚತೊಡಗಿದ. ನನ್ನ ಪಾಠದ ಮೇಜು ಅವನ ಮನಸ್ಸಿನಲ್ಲಿತ್ತೋ ಇಲ್ಲವೋ, ನಾನರಿಯೆ. ನನ್ನ ಮನಸ್ಸಿನಲ್ಲಂತೂ ಇತ್ತು.

ಕಾರಿನಲ್ಲಿ ಹುಡುಗ ನನ್ನ ತೊಡೆಗೆ ಒರಗಿ ನಿದ್ದೆಹೋದ. ನನಗೆ ಎಳ್ಳ ಅಮಾವಾಸ್ಯೆಯ ಹೊಲ ನೆನಪಾಯಿತು. ನನ್ನ ಮುತ್ಯಾ ಬಂಡಿಯಲ್ಲಿ ನಮ್ಮನ್ನೆಲ್ಲ ಕರೆದೊಯ್ದು ಚರಗ ಚೆಲ್ಲುವಾಗ ತಂಬಿಗೆ ಹಿಡಿಯಲು ನನ್ನನ್ನು ಬೆನ್ನಹಿಂದೆ ಕರೆಯುತ್ತಿದ್ದ. ‘ಚರಗ’ ಎಂದರೇನೆಂದು ಯಾರೂ ನನಗೆ ಪಾಠ ಹೇಳಲಿಲ್ಲ. ಜೋಳ ಹಾಲುಗಾಳಾದಾಗ ತೆನೆ ಸುಟ್ಟು ತಿಕ್ಕಿ ಕೊಡುತ್ತಿದ್ದ ಸೀತನಿಯ ಬಿಸಿಯಿಂದ ಆ ಶಬ್ದ ನನ್ನದಾಯಿತು. ಪಕ್ಕದ ಹೊಲದ ಗೆಳೆಯ ಅದನ್ನೇ ‘ಹುರಡಾ’ ಎಂದು ಕೈಗಿತ್ತಾಗ ಮರಾಠಿಯ ಶಬ್ದವೂ ಅಷ್ಟೇ ಬಿಸಿಯಾಗಿ ಬಂತು. ನಾನು ಮರಳಿಬರುವಷ್ಟರಲ್ಲಿ ನಿದ್ದೆಹೋಗಿರುತ್ತಿದ್ದೆ. ಯಾರ ತೊಡೆಯ ಮೇಲೆಂಬುದು ನೆನಪಿಲ್ಲ.

ಉಳಿದ ಎರಡು ವಾರ ತಖ್ತೆಯನ್ನು ಗೋಡೆಗೆ ಹಾಕಿ ಬಿಟ್ಟೆ, ಮೇಜಿಗೆ ಕರೆಯಲಿಲ್ಲ. ಅಡುಗೆಮನೆಯಲ್ಲಿ, ಅಂಗಳದ ಹಿಮ ಗೋರುವಲ್ಲಿ ಅವನನ್ನು ಜೊತೆಗೆ ಕರೆದುಕೊಂಡೆ. ಕನ್ನಡ ಬಂದುಬಿಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹನ್ನೆರಡೋ ಹದಿಮೂರೋ ಶಬ್ದಗಳು ಬಂದವು. ಅವುಗಳಲ್ಲಿ ನಾಲ್ಕು ಮರಾಠಿ. ಸೋಮವಾರ ಶಾಲೆಯಲ್ಲಿ ಅವನು ಮೀನಿನ ಸುದ್ದಿ ಹೇಳಿದನಂತೆ. ಮುತ್ಯಾ ಅಂಜಿದ್ದನ್ನೂ ಹೇಳಿದನಂತೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರು ಮುಂದೆ ನಮ್ಮ ಗಡಿಯ ಕನ್ನಡ ಶಾಲೆಗಳಲ್ಲಿ ಶಿಕ್ಷಕರಾಗುವಿರಿ. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಮಾತನಾಡುವ ಮಕ್ಕಳು ನಿಮ್ಮ ಮುಂದೆ ಕುಳಿತಿರುತ್ತಾರೆ. ಅವರನ್ನು ಅಳುವ ತನಕ ಕೂಡ್ರಿಸಬೇಡಿ. ಈ ಸತ್ರದ ಉತ್ತರಪತ್ರಿಕೆಗಳಲ್ಲಿ ನಾನು ಕೆಂಪು ಗೆರೆ ಎಳೆಯುವುದನ್ನು ಪೂರ್ತಿ ಬಿಟ್ಟಿಲ್ಲ. ಪರೀಕ್ಷೆಗೆ ಅದರದೇ ನಿಯಮವಿದೆ. ಆದರೆ ‘ಝಾರಾ’ ಎಂದು ಯಾರಾದರೂ ಬರೆದಿದ್ದರೆ ಮುಂದಕ್ಕೆ ಹೋಗಿದ್ದೇನೆ.