ದುಂಡನ ನಟ್ಟಿಗೆ ಚಾಣ ಹಚ್ಚಬ್ಯಾಡ್ರಿ

ರೋಟಾವೇಟರ್ ಬೇರಿಂಗ್ ಬದಲಿ ಮಾಡುವಾಗ ನನಗ ತ್ರಾಸ ಕೊಟ್ಟದ್ದು ಬೇರಿಂಗ್ ಅಲ್ಲ, ಅದನ್ನ ಬಿಗಿ ಹಿಡಿದಿದ್ದ ದುಂಡನ ನಟ್ಟು. ಇದಕ್ಕ ಆರು ಮೂಲಿ ಇರೂದಿಲ್ಲ, ಸುತ್ತ ನಾಲ್ಕು ಕಚ್ಚು ಇರ್ತಾವ. ಮನ್ಯಾಗಿನ ಯಾವ ಪಾನಾನೂ ಕೂಡ್ರೂದಿಲ್ಲ.

"ಚಾಣ ಇಟ್ಟು ಎರಡು ಏಟು ಹಾಕು ಕಾಕಾ, ಬರ್ತೈತಿ" ಅಂದ ಬಾಜೂ ಹೊಲದ ಹುಡುಗ. ಏಟು ಜಾರಿ ಶಾಫ್ಟಿನ ಥ್ರೆಡ್ ಕೆಟ್ಟರ ಲೇಥಿಗೆ ಒಯ್ಯಬೇಕು. ಅಷ್ಟರಾಗ ಹೊಲದ ಹದ ಆರಿ ಹೋಗತೈತಿ. ಬ್ಯಾಡ ಅಂದೆ.

ಇದಕ್ಕ ಬೇಕಾದ್ದು ಹುಕ್ ಪಾನಾ. ಕುಡಗೋಲಿನಂಗ ಬಾಗಿರತೈತಿ, ತುದೀಗೆ ಒಂದು ಹಲ್ಲು. ಮೂಡಲಗಿ, ಹುಕ್ಕೇರಿ ಹಾರ್ಡ್‌ವೇರ್ ಅಂಗಡ್ಯಾಗ ಕೇಳಿದೆ, ಸಿಗಲಿಲ್ಲ. ಗೋಕಾಕದಾಗ ಬೇರಿಂಗ್ ಮಾರೋ ಅಂಗಡ್ಯಾಗ ಸಿಕ್ತು. ಅವರು ಮೊದಲ ಕೇಳಿದ್ದು ನಟ್ಟಿನ ಹೊರಗಿನ ಅಳತಿ. ನಂದು 40 ಮಿ.ಮೀ. ಶಾಫ್ಟ್, ನಟ್ಟು 58 ಮಿ.ಮೀ. ಅದಕ್ಕ 58-62 ನಂಬರಿನ ಪಾನಾ. ನೀವೂ ಅಳತಿ ಬರಕೊಂಡೇ ಹೋಗ್ರಿ.

ಬಿಚ್ಚೂಕಿಂತ ಮೊದಲ ನಟ್ಟಿನ ಹಿಂದಿನ ವಾಷರ್ ನೋಡ್ರಿ. ಅದರ ಒಂದು ಕಿವಿ ಕಚ್ಚಿನಾಗ ಮಡಚಿರತೈತಿ. ಅದನ್ನ ನೆಟ್ಟಗ ಮಾಡದ ಎಷ್ಟ ಜಗ್ಗಿದ್ರೂ ನಟ್ಟು ತಿರುಗೂದಿಲ್ಲ. ಮಣ್ಣು ಕೆರೆದು, ಜಂಗ್ ಬಿಡಿಸೋ ಎಣ್ಣಿ ಹಾಕಿ ರಾತ್ರಿ ಬಿಡ್ರಿ. ಥ್ರೆಡ್ ಎಡಕ್ಕೈತೋ ಬಲಕ್ಕೈತೋ ಅದನ್ನೂ ನೋಡ್ರಿ. ಗ್ಯಾಸಿನ ಬೆಂಕಿ ಹಚ್ಚಿದ್ರ ಆಯಿಲ್ ಸೀಲ್ ಸುಡತೈತಿ.

ಮುಂಜಾನೆ ಪಾನಾ ಹಚ್ಚಿ, ಹಿಡಿಕಿಗೆ ಪೈಪ್ ಸೇರಿಸಿ ಒತ್ತಿದೆ. ಟಕ್ ಅಂತ ಬಿಟ್ತು. ಥ್ರೆಡ್ ಹೊಸದರಂಗ ಐತಿ.

ಇಂಥಾ ಪಾನಾ ವರ್ಷಕ್ಕೊಮ್ಮೆ ಬೇಕಾಗೋದು. ಊರಿಗೊಂದು ಇದ್ರ ಸಾಕು. ನಂದು ಬೇಕಾದವರು ಒಯ್ರಿ, ಕೆಲಸ ಮುಗಿದ ಮ್ಯಾಲೆ ತಂದು ಕೊಡ್ರಿ.