ಬೂಷ್ಟಿಗೇ ಬಂದ ಬೇನೆ

ದಕ್ಷಿಣ ಫ್ರಾನ್ಸಿನ ಆರ್ದೆಷ್. ಗುಡ್ಡದ ಇಳಿಜಾರಿನಲ್ಲಿ ಕಲ್ಲುಕಟ್ಟೆ ಕಟ್ಟಿ ಮಾಡಿದ ತಾಕುಗಳು, ಅವುಗಳ ತುಂಬ ಚೆಸ್ಟ್‌ನಟ್ ಮರಗಳು. ಸುತ್ತ ಹಚ್ಚಹಸಿರಿದ್ದರೂ ನಿಮ್ಮೆದುರಿನ ಮರದ ಒಂದು ಕೊಂಬೆಯ ಎಲೆಗಳು ಮಾತ್ರ ಒಣಗಿ, ಉದುರದೆ ನೇತಾಡುತ್ತಿವೆ. ಕೊಂಬೆಯ ಬುಡದತ್ತ ನೋಡಿ. ತೊಗಟೆ ಕುಸಿದು ಸೀಳಿದೆ. ಸೀಳಿನ ಸುತ್ತ ಕಿತ್ತಳೆ ಬಣ್ಣದ ಗುಳ್ಳೆಗಳು. ಇದು ಕ್ರೈಫೊನೆಕ್ಟ್ರಿಯಾ ಎಂಬ ಶಿಲೀಂಧ್ರದ ಕೆಲಸ. ಹುಣ್ಣು ಕೊಂಬೆಯನ್ನು ಸುತ್ತುವರಿದರೆ ಅದರ ಮೇಲಿನದೆಲ್ಲ ಸಾಯುತ್ತದೆ.

ಬೆಳೆಗಾರರು ಹುಣ್ಣಿನ ಅಂಚಿನುದ್ದಕ್ಕೂ ತೊಗಟೆಯಲ್ಲಿ ಸಾಲಾಗಿ ತೂತು ಕೊರೆಯುತ್ತಾರೆ. ಒಂದೊಂದಕ್ಕೂ ಲೇಪ ತುಂಬಿ ಟೇಪು ಸುತ್ತುತ್ತಾರೆ. ಮೂಗಿಗೆ ಔಷಧದ ಘಾಟು ಬಡಿಯುವುದಿಲ್ಲ. ಲೇಪದಲ್ಲಿರುವುದೂ ಅದೇ ಶಿಲೀಂಧ್ರ. ಆದರೆ ಇದಕ್ಕೆ ವೈರಸ್ ತಗುಲಿದೆ.

ಈಗ ತೊಗಟೆಯೊಳಕ್ಕೆ ಇಳಿಯಿರಿ. ಲೇಪದಲ್ಲಿನ ಶಿಲೀಂಧ್ರದ ಎಳೆ ಹುಣ್ಣಿನಲ್ಲಿನ ಶಿಲೀಂಧ್ರದ ಎಳೆಯನ್ನು ಮುಟ್ಟುತ್ತದೆ. ನಡುವಿನ ಗೋಡೆ ಕರಗಿ ಎರಡರ ಜೀವರಸ ಬೆರೆಯುತ್ತದೆ. ಆ ಹರಿವಿನಲ್ಲೇ ಹೈಪೊವೈರಸ್ ಎಂಬ ಆ ವೈರಸ್ ಆಚೆಗೆ ದಾಟುತ್ತದೆ. ಪ್ರೋಟೀನಿನ ಕವಚವೂ ಇಲ್ಲದ ಬರಿಯ ಆರ್‌ಎನ್‌ಎ ಅದು. ಶಿಲೀಂಧ್ರದ ಹೊರಗೆ ಅದಕ್ಕೆ ಬದುಕಿಲ್ಲ. ಸೋಂಕು ತಗುಲಿದ ಶಿಲೀಂಧ್ರದ ಕಿತ್ತಳೆ ಬಣ್ಣ ಮಾಸುತ್ತದೆ, ಬೀಜಕಣಗಳು ಕಡಿಮೆಯಾಗುತ್ತವೆ. ಹುಣ್ಣು ಆಳಕ್ಕಿಳಿಯದೆ ಮೇಲ್ತೊಗಟೆಯಲ್ಲೇ ಉಳಿಯುತ್ತದೆ. ಅದರಡಿಯಲ್ಲಿ ಮರ ಹೊಸ ತೊಗಟೆ ಕಟ್ಟಿಕೊಳ್ಳುತ್ತದೆ.

ಈ ಉಪಾಯವನ್ನು ಮೊದಲು ತೋರಿಸಿದ್ದು ಕಾಡೇ. ರೋಗ ಇಟಲಿಯ ಜಿನೋವಾ ಬಳಿ ಕಾಣಿಸಿಕೊಂಡದ್ದು 1938ರಲ್ಲಿ. ಸಾಯಬೇಕಿದ್ದ ಮರಗಳ ಹುಣ್ಣು ತಾನಾಗಿ ಮಾಯುತ್ತಿರುವುದನ್ನು 1950ರ ದಶಕದ ಆರಂಭದಲ್ಲಿ ಸಸ್ಯರೋಗ ತಜ್ಞ ಆಂಟೋನಿಯೊ ಬಿರಾಗಿ ಗಮನಿಸಿದರು. ಅಂಥ ಹುಣ್ಣುಗಳಿಂದ 1960ರ ದಶಕದಲ್ಲಿ ಫ್ರಾನ್ಸಿನ ಜ್ಯಾಂ ಗ್ರಾಂತ್ ಬಿಳಿಚಿದ ತಳಿಯನ್ನು ಬೇರ್ಪಡಿಸಿದರು.

ಆದರೆ ಎಳೆಗಳು ಕೂಡಲು ಒಂದು ಷರತ್ತಿದೆ. ನಮ್ಮಲ್ಲಿ ಸಗೋತ್ರದಲ್ಲಿ ಮದುವೆ ಕೂಡದು. ಇಲ್ಲಿ ಸಗೋತ್ರವೇ ಆಗಬೇಕು, ಎರಡೂ ಎಳೆಗಳು ಒಂದೇ ಬಳಗದವಾಗಿರಬೇಕು. ಬೇರೆ ಬಳಗದ ಎಳೆಗಳು ಮುಟ್ಟಿದೆಡೆ ಜೀವಕೋಶಗಳು ಸಾಯುತ್ತವೆ, ವೈರಸ್ಸಿನ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಅದಕ್ಕೇ ತೋಪಿನಲ್ಲಿ ಯಾವ ಬಳಗಗಳಿವೆ ಎಂದು ತಿಳಿದೇ ಲೇಪದ ತಳಿಗಳನ್ನು ಆರಿಸಬೇಕು. ಯುರೋಪಿನ ಬಹಳಷ್ಟು ಕಡೆ ಬಳಗಗಳು ಬೆರಳೆಣಿಕೆಯಷ್ಟು. ಹಾಗಾಗಿ ಒಮ್ಮೆ ಹೊಕ್ಕ ವೈರಸ್ ತಾನೇ ಹಬ್ಬುತ್ತದೆ. ನ್ಯೂಯಾರ್ಕಿನಲ್ಲಿ 1904ರಲ್ಲೇ ರೋಗ ಕಂಡ ಅಮೆರಿಕದಲ್ಲಿ ಬಳಗಗಳು ಹತ್ತಾರು. ಅಲ್ಲಿಯ ಕಾಡುಗಳಲ್ಲಿ ಇದೇ ಚಿಕಿತ್ಸೆ ಹೆಚ್ಚಾಗಿ ಸೋತಿತು. ಮರದ ಉಳಿವು ಅದರ ವೈರಿಗಳ ನೆಂಟಸ್ತಿಕೆಯನ್ನು ನೆಚ್ಚಿಕೊಂಡಿದೆ.